ಹೊಟ್ಟೆಯ ಮೇಲಿನ ಸೂಜಿಮನೆ

ಕೆಲಸದಿಂದ ನಿವೃತ್ತಳಾದ ದಿನ ಆಸ್ಪತ್ರೆಯವರು ನನಗೆ ಒಂದು ಶಾಲು, ಒಂದು ಗೋಡೆ ಗಡಿಯಾರ, ಒಂದು ಡಬ್ಬಿ ಪೇಢೆ ಕೊಟ್ಟರು. ಶಾಲು ಕಪಾಟು ಸೇರಿತು. ಗಡಿಯಾರ ಆರು ತಿಂಗಳಿಗೆ ನಿಂತುಹೋಯಿತು. ನಿವೃತ್ತಿಗೆ ಮೊದಲೇ ನನಗೂ ಸಕ್ಕರೆ ಕಾಯಿಲೆಯ ಗುಳಿಗೆ ಶುರುವಾಗಿದ್ದರಿಂದ ಪೇಢೆಯನ್ನು ಬಿಲ್ಡಿಂಗಿನ ಮಕ್ಕಳಿಗೆ ಹಂಚಿದೆ. ನಾನಾಗಿಯೇ ಕೇಳಿ ತಂದದ್ದು ಒಂದೇ ವಸ್ತು. ಅದು ಅಂಗೈ ಅಗಲದ ಹಳದಿ ಸ್ಪಂಜಿನ ತುಂಡು. ವರ್ಷಗಟ್ಟಲೆ ಆ ಸ್ಪಂಜಿಗೆ ಸೂಜಿ ಚುಚ್ಚಿಸಿ ಚುಚ್ಚಿಸಿ ನಾನು ಜನರಿಗೆ ಇನ್ಸುಲಿನ್ ತೆಗೆದುಕೊಳ್ಳುವುದನ್ನು ಕಲಿಸಿದ್ದೆ. ಅದನ್ನು ನೋಡಿದಾಗಲೆಲ್ಲ ನನಗೆ ನಾಚಿಕೆಯೂ ಆಗುತ್ತದೆ, ನಗುವೂ ಬರುತ್ತದೆ.

ಹೊಸದಾಗಿ ಈ ಕೆಲಸಕ್ಕೆ ಬರುತ್ತಿರುವ ಹುಡುಗಿಯರು ಆಗಾಗ ನನ್ನನ್ನು ಕೇಳುತ್ತಾರೆ, ಇಷ್ಟು ವರ್ಷದಲ್ಲಿ ಏನು ಕಲಿತಿರಿ ಅಂತ. ಯಾವಾಗ ಯಾವ ವಾರ್ಡಿಗೆ ಹೋದೆ, ಯಾವಾಗ ನನ್ನ ಹೆಸರಿನ ಹಿಂದೆ ಸೀನಿಯರ್ ಅಂತ ಸೇರಿತು ಎಂಬುದೆಲ್ಲ ಕೇಳುವವರಿಗೂ ಬೇಸರ, ಹೇಳುವವಳಿಗೂ ಬೇಸರ. ನಾನು ಮಾಡಿದ ತಪ್ಪುಗಳನ್ನು ಹೇಳುತ್ತೇನೆ. ಅವು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ನಾನು ಧಾರವಾಡದವಳು. ನರ್ಸಿಂಗ್ ಮುಗಿಸಿದ ವರ್ಷವೇ ಮದುವೆಯಾಗಿ ಅಂಧೇರಿಗೆ ಬಂದೆ. ಬೈಕುಲ್ಲಾದ ಒಂದು ಹಳೆಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಅಂಧೇರಿಯಿಂದ ಲೋಕಲ್ ಹತ್ತಿ, ದಾದರಿನಲ್ಲಿ ಇಳಿದು, ಸೇತುವೆ ಏರಿ ಇನ್ನೊಂದು ಲೈನಿನ ಗಾಡಿ ಹಿಡಿದು ಬೈಕುಲ್ಲಾ ಮುಟ್ಟುವಷ್ಟರಲ್ಲಿ ಇಸ್ತ್ರಿ ಮಾಡಿದ ಯೂನಿಫಾರ್ಮು ಮುದ್ದೆಯಾಗಿರುತ್ತಿತ್ತು. ಮೊದಲು ಎಲ್ಲ ವಾರ್ಡು ಸುತ್ತಿದೆ. ಆಮೇಲೆ ಸಕ್ಕರೆ ಕಾಯಿಲೆಯ ಓಪಿಡಿಗೆ, ಅಂದರೆ ಹೊರರೋಗಿಗಳ ವಿಭಾಗಕ್ಕೆ ಹಾಕಿದರು. ಅಲ್ಲಿ ನನಗೊಂದು ಮೇಜು, ಎರಡು ಸ್ಟೂಲು, ಈ ಸ್ಪಂಜು. ರೋಗಿಗಳಿಗೆ ಇಂಜೆಕ್ಷನ್ ಕಲಿಸುವುದು, ಊಟದ ಬಗ್ಗೆ ಹೇಳುವುದು, ಮಾತು ಕೇಳದವರನ್ನು ಬೈಯುವುದು ನನ್ನ ಕೆಲಸ. ಮೂರನೆಯದನ್ನು ಯಾರೂ ವಹಿಸಿರಲಿಲ್ಲ, ನಾನೇ ಮೈಮೇಲೆ ಹಾಕಿಕೊಂಡಿದ್ದೆ.

ನಾನು ಸೇರಿದಾಗ ಇನ್ನೂ ಗಾಜಿನ ಸಿರಿಂಜು. ಪಾತ್ರೆಯಲ್ಲಿ ನೀರಿಟ್ಟು ಕುದಿಸಿ, ಆರಿಸಿ, ಮತ್ತೆ ಅದರಲ್ಲೇ ಚುಚ್ಚಿಕೊಳ್ಳಬೇಕು. "ಚೆನ್ನಾಗಿ ಕುದಿಸಿ" ಎಂದು ಹೇಳಿ ಹೇಳಿ ನನ್ನ ನಾಲಿಗೆಗೆ ಅದು ಎಷ್ಟು ರೂಢಿಯಾಯಿತೆಂದರೆ, ಪ್ಲಾಸ್ಟಿಕ್ ಸಿರಿಂಜು ಬಂದ ಮೇಲೂ ಒಂದಷ್ಟು ದಿನ ಬಾಯಿಂದ ಅದೇ ಬರುತ್ತಿತ್ತು. ಒಬ್ಬ ಅಜ್ಜ ಒಂದು ದಿನ ಕರ್ಚೀಫಿನಲ್ಲಿ ಏನೋ ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು. ಚಕ್ಕುಲಿಯ ಹಾಗೆ ಸುರುಳಿಯಾದ ಪ್ಲಾಸ್ಟಿಕ್. "ನೀವು ಹೇಳಿದಂಗ ಕುದಿಸಿದೆ. ಈಗ ಇದನ್ನ ಹ್ಯಾಂಗ ಚುಚ್ಚೋದು?" ಎಂದು ಬಹಳ ಗಂಭೀರವಾಗಿ ಕೇಳಿದರು. ಓಪಿಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕು ಮರೆತೆ. ಎದುರಿಗಿರುವುದನ್ನು ನೋಡದೆ ಬಾಯಿಪಾಠ ಒಪ್ಪಿಸುವುದು ನನ್ನ ದೊಡ್ಡ ದೋಷ ಎಂಬುದು ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಆಮೇಲೆ ಪೆನ್ ಬಂತು. ಹಿಂದಿನ ತುದಿ ತಿರುಗಿಸಿದರೆ ಟಿಕ್ ಟಿಕ್ ಎಂದು ನಂಬರ್ ಕೂರುತ್ತದೆ, ಒತ್ತಿದರೆ ಔಷಧ ಒಳಗೆ. ಸೂಜಿಯೂ ಕೂದಲೆಳೆಯಷ್ಟು ಸಣ್ಣದು. ನಮ್ಮ ಕೆಲಸ ಅರ್ಧ ಹಗುರಾಯಿತು ಎಂದುಕೊಂಡೆವು. ಶಾಂತವ್ವ ನನ್ನ ಮೇಜಿನ ಮುಂದೆ ಬಂದು ಕೂತದ್ದು ಈ ಪೆನ್ನಿನ ಕಾಲದಲ್ಲಿ.

ಶಾಂತವ್ವ ವಿಜಯಪುರದ ಕಡೆಯ ಹೆಂಗಸು, ಐವತ್ತೈದರ ಆಸುಪಾಸು. ಬೈಕುಲ್ಲಾ ಮಾರ್ಕೆಟ್ಟಿನ ಹಿಂದಿನ ಒಂದು ಚಾಳಿನಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ಒಂದೇ ಕೋಣೆಯಲ್ಲಿ ಇದ್ದಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರೊಟ್ಟಿ ಬೆಂದದ್ದು ವಾಸನೆಯಿಂದ ತಿಳಿಯಬೇಕು, ಹಂಚಿನ ಅಂಚು ಎಲ್ಲಿದೆಯೆಂದು ಸುಟ್ಟುಕೊಂಡೇ ತಿಳಿಯಬೇಕು, ಅಂಥ ಪರಿಸ್ಥಿತಿ. ಅವಳ ಬೆರಳುಗಳ ತುಂಬ ಸುಟ್ಟ ಕಲೆಗಳಿದ್ದವು. ಕಣ್ಣಿನ ಡಾಕ್ಟರು ಪೊರೆ ತೆಗೆಯಲು ಒಪ್ಪಿದ್ದರು, ಆದರೆ ಸಕ್ಕರೆ ಇಳಿಯಲಿ ಎಂದು ನಮ್ಮ ಕಡೆ ಕಳಿಸಿದ್ದರು. ಸಕ್ಕರೆ ಇಳಿಯಲೊಲ್ಲದು. ಪ್ರತಿ ಸಲವೂ ನಮ್ಮ ದೊಡ್ಡ ಡಾಕ್ಟರು ಚೀಟಿ ನೋಡಿ, ಹುಬ್ಬು ಗಂಟಿಕ್ಕಿ, ಇನ್ಸುಲಿನ್ನಿನ ಡೋಸ್ ಇಷ್ಟಿಷ್ಟೇ ಏರಿಸುತ್ತಿದ್ದರು. ಡೋಸ್ ಏರಿತು, ಸಕ್ಕರೆ ಇದ್ದಲ್ಲೇ ಇತ್ತು. ಕಣ್ಣಿನವರು ಎರಡು ಸಲ ವಾಪಸ್ ಕಳಿಸಿದರು.

ನಾನು ಅವಳನ್ನು ಕೂರಿಸಿ ಸ್ಪಂಜು ಕೊಟ್ಟು ಚುಚ್ಚಿ ತೋರಿಸಿ ಎಂದೆ. ಕಣ್ಣು ಮಂಜಾಗಿದ್ದರೂ ಕೈ ನೆಟ್ಟಗಿತ್ತು. ನೇರ ಚುಚ್ಚಿದಳು, ಒತ್ತಿದಳು, ಹತ್ತು ಎಣಿಸಿ ತೆಗೆದಳು. ಒಂದು ತಪ್ಪಿಲ್ಲ. ಸೊಸೆ ರೇಖಾ ಬೆಳಗಾವಿಯ ಹುಡುಗಿ, ಚುರುಕು. ಅವಳೂ ಸಾಕ್ಷಿ ಹೇಳಿದಳು.

"ಪೆನ್ನಿನ ನಂಬರ್ ನಾನ ತಿರುವಿ ಕೈಯಾಗ ಕೊಡ್ತೀನ್ರಿ ಸಿಸ್ಟರ್. ಡೋಸ್ ತಪ್ಪಂಗಿಲ್ಲ. ತಿನ್ನೂದರಾಗ ಏನರೇ ಗಡಬಡ ಐತಿ ನೋಡ್ರಿ."

ಔಷಧ ಸರಿ, ಕೈ ಸರಿ, ಅಂದ ಮೇಲೆ ಬಾಯಿಯೇ ಕಳ್ಳ ಎಂದು ನಾನೂ ತೀರ್ಮಾನಿಸಿದೆ. ಲೈನಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ, "ಖರೇ ಹೇಳ್ರಿ ಶಾಂತವ್ವ, ಕದ್ದು ಏನ್ ತಿಂದ್ರಿ?" ಎಂದೆ. ಮಂದಿ ನಕ್ಕರು.

"ಉರಿಯೂ ಒಲಿ ಆಣಿ ಮಾಡಿ ಹೇಳ್ತೀನ್ರಿ ಅಕ್ಕಾರ, ಏನೂ ತಿಂದಿಲ್ರಿ" ಎಂದಳು ಶಾಂತವ್ವ. ಅವಳ ಮುಖ ಚಿಕ್ಕದಾಗಿತ್ತು. ಅಂಥ ಆಣೆಗಳನ್ನು ದಿನಕ್ಕೆ ಹತ್ತು ಕೇಳುತ್ತಿದ್ದ ನಾನು ಅದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ರೇಖಾಳನ್ನು ಪಕ್ಕಕ್ಕೆ ಕರೆದು, ಸಕ್ಕರೆ, ಬೆಲ್ಲ, ಬಿಸ್ಕೀಟು ಎಲ್ಲ ಕೀಲಿ ಹಾಕಿ ಇಡು, ಅಕ್ಕಪಕ್ಕದವರಿಗೂ ಏನೂ ಕೊಡಬೇಡಿರೆಂದು ಹೇಳಿಡು ಎಂದೆ. ಆ ಬುದ್ಧಿ ಹೇಳಿದವಳು ನಾನೇ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ರೇಖಾ ಅಚ್ಚುಕಟ್ಟಾಗಿ ಪಾಲಿಸಿದಳು. ಕಬ್ಬಿಣದ ಕಪಾಟಿನಲ್ಲಿ ಡಬ್ಬಿಗಳು, ಕೀಲಿಕೈ ಅವಳ ಸೊಂಟದಲ್ಲಿ. ಶಾಂತವ್ವ ಮನೆಯಲ್ಲಿ ಕಳ್ಳಿಯಾದಳು. ಮೊಮ್ಮಗಳು ಚಾಕಲೇಟು ತಿನ್ನುವಾಗ ಅಜ್ಜಿಗೆ ಬೆನ್ನು ತಿರುಗಿಸಿ ಕೂರುವುದನ್ನು ಕಲಿತಳು.

ಮೂರನೆಯ ಸಲ ಕಣ್ಣಿನವರು ವಾಪಸ್ ಕಳಿಸಿದಾಗ ಶಾಂತವ್ವ ಒಬ್ಬಳೇ ಬಂದಳು, ಗೋಡೆ ಹಿಡಿದುಕೊಂಡು. ನನ್ನ ಮೇಜಿನ ಮುಂದೆ ಕೂತು, "ಅಕ್ಕಾರ, ಈ ಕಣ್ಣು ಇನ್ನ ಬ್ಯಾಡ್ರಿ. ಕುರುಡಿ ಆಗೇ ಇರ್ತೀನಿ. ಖರೆ ನನ್ನ ಕಳ್ಳಿ ಅನಬ್ಯಾಡ್ರಿ, ನನ್ನ ಮಗಗ ಅಷ್ಟ ಹೇಳ್ರಿ" ಎಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಬಹುಶಃ ಸಮಾಧಾನ ಮಾಡಿ ಕಳಿಸಿಬಿಡುತ್ತಿದ್ದೆ. ಅಳದೆ ಹೇಳಿದ್ದು ನನ್ನನ್ನು ತಟ್ಟಿತು. ಇನ್ನೊಮ್ಮೆ ಚುಚ್ಚಿ ತೋರಿಸಿ, ನೋಡೋಣ ಎಂದು ಡ್ರಾಯರು ಎಳೆದೆ. ಸ್ಪಂಜು ಇರಲಿಲ್ಲ. ಪಕ್ಕದ ವಾರ್ಡಿನವರು ತರಬೇತಿಗೆಂದು ಒಯ್ದಿದ್ದರು.

"ಸ್ಪಂಜಿಲ್ಲ. ನಿಮ್ಮ ಹೊಟ್ಟಿ ಮ್ಯಾಲೇ ತೋರಸ್ರಿ" ಎಂದು ಅವಳನ್ನು ಕಪಾಟಿನ ಮರೆಗೆ ಕರೆದುಕೊಂಡು ಹೋದೆ. ಓಪಿಡಿಯ ಅಷ್ಟು ವರ್ಷದಲ್ಲಿ ನಾನು ಇನ್ಸುಲಿನ್ ಚುಚ್ಚಿಕೊಳ್ಳುವ ರೋಗಿಯ ಹೊಟ್ಟೆ ನೋಡಿದ್ದು ಅದೇ ಮೊದಲು ಎಂದರೆ ನೀವು ನಂಬುವುದಿಲ್ಲ. ನಮ್ಮ ಓಪಿಡಿಯಲ್ಲಿ ಪರದೆ ಇರಲಿಲ್ಲ, ಹೆಂಗಸರು ಸೀರೆ ಸರಿಸಲು ನಾಚುತ್ತಿದ್ದರು, ಹೊರಗೆ ಉದ್ದ ಲೈನು. ಸ್ಪಂಜು ಎಲ್ಲರಿಗೂ ಅನುಕೂಲವಾಗಿತ್ತು.

ಶಾಂತವ್ವ ಎಡಗೈಯಿಂದ ಗಾಳಿಯಲ್ಲಿ ಏನನ್ನೋ ಹಿಡಿದವಳಂತೆ ನಿಂತಳು. ಬಲಗೈಯ ಬೆರಳು ಸೀರೆಯ ಅಂಚಿನ ಕೆಳಗೆ ಹೋಗಿ, ಹೊಕ್ಕುಳಿನ ಪಕ್ಕ ತಡವರಿಸಿ, ಒಂದು ಕಡೆ ನಿಂತಿತು.

"ಎಡಗೈಯಾಗ ಏನ್ರಿ ಅದು?" ಎಂದೆ.

"ಪರದೀರಿ. ಜಳಕಾ ಮಾಡೂ ಮೋರಿ ಮುಂದ ಪರದಿ ಐತಲ್ರಿ, ಅದು ಸರೀತೈತ್ರಿ. ಮನಿಯಾಗ ಮಗ ಇರ್ತಾನ. ಒಂದ್ ಕೈಯಾಗ ಹಿಡಕೊಂಡ ಚುಚ್ಚಕೊತೀನ್ರಿ."

"ಕಣ್ಣು ಕಾಣಂಗಿಲ್ಲ, ಜಾಗಾ ಹ್ಯಾಂಗ ಗೊತ್ತಾಗ್ತದ?"

"ಅದಕ್ಕೇನ್ರಿ, ಸೂಜಿ ಮನಿ ಐತಲ್ರಿ. ಕೈಗೆ ಹತ್ತತೈತಿ. ಅಲ್ಲಿ ಚುಚ್ಚಿದ್ರ ನೋವೂ ಆಗಂಗಿಲ್ಲ."

ನಾನು ಅವಳ ಬೆರಳು ಸರಿಸಿ ನನ್ನ ಬೆರಳಿಟ್ಟೆ. ಚರ್ಮದ ಕೆಳಗೆ ನಿಂಬೆಹಣ್ಣಿನಷ್ಟು ದಪ್ಪದ ಗಂಟು. ಮೆತ್ತಗೂ ಅಲ್ಲ, ಕಲ್ಲೂ ಅಲ್ಲ, ರಬ್ಬರಿನಂತೆ. ಅದರ ಪಕ್ಕ ಇನ್ನೊಂದು ಚಿಕ್ಕದು. ಹೊಟ್ಟೆಯ ಬೇರೆ ಯಾವ ಭಾಗದಲ್ಲೂ ಒಂದು ಚುಚ್ಚಿದ ಗುರುತಿಲ್ಲ.

ಒಂದೇ ಜಾಗದಲ್ಲಿ ದಿನಾ ಇನ್ಸುಲಿನ್ ಚುಚ್ಚಿದರೆ ಅಲ್ಲಿಯ ಕೊಬ್ಬು ಉಬ್ಬಿ ಗಂಟಾಗುತ್ತದೆ. ಹಳೆಯ ಸೂಜಿಯನ್ನೇ ಮತ್ತೆ ಮತ್ತೆ ಬಳಸಿದರೆ ಇನ್ನೂ ಬೇಗ. ಗಂಟಿಗೆ ನೋವು ಕಡಿಮೆ, ಹಾಗಾಗಿ ಜನ ಅಲ್ಲೇ ಚುಚ್ಚುತ್ತಾರೆ. ಗಂಟಿನೊಳಗೆ ಹೋದ ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಇವತ್ತು ಅರ್ಧ ಸೇರಿದರೆ ನಾಳೆ ಇನ್ನೂ ಕಡಿಮೆ. ಇದೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಬೇರೆ ಬೇರೆ ಜಾಗದಲ್ಲಿ ಚುಚ್ಚಿಕೊಳ್ಳಿ ಎಂದು ಶಾಂತವ್ವನಿಗೂ ಬಾಯಿಪಾಠದಂತೆ ಹೇಳಿದ್ದೆ. ಆದರೆ ಕಣ್ಣು ಕಾಣದ, ಒಂದು ಕೈ ಪರದೆ ಹಿಡಿಯಲೇ ಬೇಕಾದ ಹೆಂಗಸಿಗೆ ಆ ಗಂಟೇ ದಾರಿ ತೋರಿಸುವ ಗುರುತಾಗಿತ್ತು. ಕಣ್ಣು ಕಾಣದ್ದರಿಂದ ಗಂಟು, ಗಂಟಿನಿಂದ ಇಳಿಯದ ಸಕ್ಕರೆ, ಸಕ್ಕರೆ ಇಳಿಯದ್ದರಿಂದ ಕಣ್ಣಿಗೆ ಆಪರೇಷನ್ ಇಲ್ಲ. ಅವಳು ಈ ಸುತ್ತಿನೊಳಗೆ ಸಿಕ್ಕಿಹಾಕಿಕೊಂಡಿದ್ದಳು, ನಾವು ಹೊರಗೆ ನಿಂತು ಕದ್ದು ತಿಂದೆಯಾ ಎಂದು ಕೇಳುತ್ತಿದ್ದೆವು.

ನಾನು ಗಂಟನ್ನು ಒತ್ತಿ ಒತ್ತಿ ನೋಡುತ್ತಿದ್ದದ್ದು ಅವಳನ್ನು ಹೆದರಿಸಿತು. "ಗಡ್ಡೀನ ಏನ್ರಿ ಅಕ್ಕಾರ? ನಮ್ಮ ತಂಗಿ ಗಡ್ಡಿ ಆಗೇ ಹೋದ್ಳು" ಎಂದಳು.

"ಅಲ್ರಿ, ಅಲ್ಲ! ಬರೇ ಕೊಬ್ಬು. ಚುಚ್ಚೂದು ಬಿಟ್ರ ತಾನ ಕರಗತೈತಿ. ನೀವು ಕದ್ದು ತಿಂದಿಲ್ರಿ, ನನಗ ಈಗ ಗೊತ್ತಾತು" ಎಂದೆ. ಡಾಕ್ಟರು ಒಮ್ಮೆ ನೋಡಿದರೆ ಒಳ್ಳೆಯದು ಎನ್ನುವಷ್ಟೂ ತಾಳ್ಮೆ ನನಗಿರಲಿಲ್ಲ. ಸಂತೋಷ ಉಕ್ಕಿ ಬಂದಿತ್ತು. ಅವಳ ಬೆರಳು ಹಿಡಿದು ಹೊಟ್ಟೆಯ ಇನ್ನೊಂದು ಬದಿಗೆ ಇಟ್ಟು, ಹೊಕ್ಕುಳಿನಿಂದ ನಾಲ್ಕು ಬೆರಳು ಅಳೆದು ತೋರಿಸಿ, "ನಾಳಿಂದ ಇಲ್ಲಿ. ಆ ಕಡೆ ಮುಟ್ಟಲೇಬ್ಯಾಡ್ರಿ" ಎಂದು ಕಳಿಸಿದೆ. ದೊಡ್ಡ ಡಾಕ್ಟರ ಕೋಣೆಯ ಮುಂದೆ ಮಂದಿ ತುಂಬಿದ್ದರು. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅವತ್ತು ಲೋಕಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತ್ತು, ಅಂಧೇರಿಯವರೆಗೂ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಳ್ಳುತ್ತ ಬಂದೆ.

ನಾನು ಮರೆತದ್ದು ಏನು ಎಂದು ಈ ಕೆಲಸದಲ್ಲಿರುವವರಿಗೆ ಇಷ್ಟರಲ್ಲಿ ಹೊಳೆದಿರಬೇಕು. ಅವಳ ಡೋಸ್ ಏರಿಸಿದ್ದೆಲ್ಲ ಗಂಟಿನ ಲೆಕ್ಕದಲ್ಲಿ. ಗಂಟು ಅರ್ಧ ನುಂಗುತ್ತಿತ್ತು, ಅದಕ್ಕೇ ಡಾಕ್ಟರು ಏರಿಸುತ್ತ ಹೋಗಿದ್ದರು. ಅದೇ ಡೋಸು ಒಳ್ಳೆಯ ಜಾಗಕ್ಕೆ ಬಿದ್ದರೆ ಅಷ್ಟೂ ರಕ್ತಕ್ಕೆ ಸೇರುತ್ತದೆ. ಜಾಗ ಬದಲಿಸುವ ಮೊದಲು ಡಾಕ್ಟರನ್ನು ಕೇಳಿ ಡೋಸ್ ಇಳಿಸಬೇಕಿತ್ತು. ನಾನು ಇಳಿಸಲಿಲ್ಲ, ಕೇಳಲೂ ಇಲ್ಲ.

ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಓಪಿಡಿಗೆ ಫೋನ್ ಬಂತು. ಶಾಂತವ್ವನ ಮಗ. "ಅವ್ವ ಬೆವತು ನೀರಾಗ್ಯಾಳ್ರಿ, ಮಾತು ತೊದಲತೈತಂತ. ನಾ ಅಂಗಡಿಯಾಗ ಅದೀನಿ, ಮನೀಗೆ ಓಡಾಕತ್ತೀನಿ" ಎಂದ. ಆ ಕ್ಷಣವೇ ನನಗೆ ಎಲ್ಲ ತಿಳಿಯಿತು. ದೊಡ್ಡ ಡಾಕ್ಟರಿಗೆ ಎರಡೇ ಮಾತಿನಲ್ಲಿ ಹೇಳಿ, ಗ್ಲೂಕೋಸ್ ಮತ್ತು ಸಕ್ಕರೆ ಅಳೆಯುವ ಯಂತ್ರ ಚೀಲಕ್ಕೆ ಹಾಕಿಕೊಂಡು ಓಡಿದೆ. ಮಾರ್ಕೆಟ್ಟಿನ ಈರುಳ್ಳಿ ಮೂಟೆಗಳ ನಡುವೆ, ಕೈಗಾಡಿಗಳನ್ನು ತಳ್ಳಿಕೊಂಡು, ಯೂನಿಫಾರ್ಮಿನಲ್ಲಿ ಓಡುವ ನರ್ಸನ್ನು ನೋಡಿ ಜನ ದಾರಿ ಬಿಟ್ಟರು. ದೇವರೇ, ಅವಳು ಉಳಿಯಲಿ ಎನ್ನುವುದೊಂದೇ ಮನಸ್ಸಿನಲ್ಲಿತ್ತು. ಕಬ್ಬಿಣದ ಕಪಾಟಿನ ಕೀಲಿ ನೆನಪಾದಾಗ ಇನ್ನೂ ಜೋರಾಗಿ ಓಡಿದೆ.

ಮೂರನೇ ಮಾಳಿಗೆ ಹತ್ತುವಷ್ಟರಲ್ಲಿ ನನ್ನ ಉಸಿರೇ ಇರಲಿಲ್ಲ. ಶಾಂತವ್ವ ಪಕ್ಕದ ಮನೆಯ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕೈಯಲ್ಲಿ ಖಾಲಿ ಲೋಟ, ತುಟಿಗೆ ಮೆತ್ತಿದ ಸಕ್ಕರೆ. ನನ್ನ ದನಿ ಗುರುತಿಸಿ, "ಅಕ್ಕಾರ, ಇವತ್ತ ಖರೇನ ಸಕ್ಕರಿ ತಿಂದೇನ್ರಿ. ಬೈಬ್ಯಾಡ್ರಿ" ಎಂದಳು. ನಾನು ಅಲ್ಲೇ ವರಾಂಡದ ನೆಲದ ಮೇಲೆ ಕೂತು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ನೋಡುವವರು ನೋಡಲಿ.

ನಡೆದದ್ದು ಇಷ್ಟು. ರೊಟ್ಟಿ ಬಡಿಯುತ್ತಿದ್ದಾಗ ಕೈ ನಡುಗಿತು, ಬೆವರು ಕಿತ್ತಿತು. ಒಲೆಯ ಶಾಖ ಎಂದುಕೊಂಡಳು. ರೇಖಾ ರೊಟ್ಟಿ ಕೊಡಲು ಖಾನಾವಳಿಗೆ ಹೋಗಿದ್ದಳು, ಕೀಲಿಕೈ ಅವಳ ಸೊಂಟದಲ್ಲಿ. ಕಣ್ಣು ಕತ್ತಲಿಟ್ಟು ಬಂದಾಗ, ನಡುಕ ಬಂದರೆ ಕೂಡಲೇ ಸಕ್ಕರೆ ತಿನ್ನಬೇಕು ಎಂದು ನಾನು ಯಾವತ್ತೋ ಹೇಳಿದ್ದು ನೆನಪಾಯಿತಂತೆ. ಒಲೆ ಆರಿಸಿ, ಗೋಡೆ ಹಿಡಿದು ಪಕ್ಕದ ಮನೆಯ ಮರಾಠಿ ಹೆಂಗಸು ಕಮಲತಾಯಿಯ ಬಾಗಿಲು ಬಡಿದು, "ಸಾಖರ್, ಸಾಖರ್" ಎಂದಳು. ಕಮಲತಾಯಿಗೆ ರೇಖಾ ಮೊದಲೇ ಕಟ್ಟುನಿಟ್ಟಾಗಿ ಹೇಳಿಟ್ಟಿದ್ದಳಲ್ಲ, ಆಕೆ ಹಿಂದೆಮುಂದೆ ನೋಡಿದರು.

"ಮೀ ಘಾಬರಲೇ ಹೋ ಸಿಸ್ಟರ್" ಎಂದು, ನಾನು ಹೆದರಿಹೋದೆ ಎಂದು, ಆಕೆ ನನ್ನ ಮುಂದೆ ಎದೆ ಮುಟ್ಟಿಕೊಂಡು ಹೇಳಿದರು. ಕೊಟ್ಟರೆ ಸೊಸೆ ಬೈಯುತ್ತಾಳೆ, ಕೊಡದಿದ್ದರೆ ಈಕೆ ಬೀಳುತ್ತಾಳೆ. ಕೊನೆಗೆ ಶಾಂತವ್ವನ ಕೈ ಮುಟ್ಟಿ, ಅದು ಮಂಜಿನಂತೆ ತಣ್ಣಗಿದ್ದದ್ದನ್ನು ಕಂಡು ಡಬ್ಬಿಯನ್ನೇ ಸುರಿದು ಪಾನಕ ಮಾಡಿ ಕುಡಿಸಿದರಂತೆ. ಮಗನಿಗೆ ಫೋನ್ ಮಾಡಿಸಿದ್ದೂ ಆಕೆಯೇ. ಮುಟ್ಟಿ ನೋಡಬೇಕೆಂಬ ಬುದ್ಧಿ ನನಗಿಂತ ಮೊದಲು ಆಕೆಗೆ ಬಂದಿತ್ತು.

ನಾನು ಬೆರಳು ಚುಚ್ಚಿ ನೋಡಿದೆ. ಸಕ್ಕರೆ ಏರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆ, ಸಾಕಷ್ಟು ಮೇಲೆ ಬಂದಿತ್ತು. ಅವಳನ್ನು ಅವಳ ಮನೆಯೊಳಗೆ ಕರೆತಂದು ಅವಳ ಪಾಲಿನ ರೊಟ್ಟಿಯನ್ನೇ ತಿನ್ನಿಸಿದೆ. ಅಷ್ಟರಲ್ಲಿ ಮಗನೂ ಬಂದ, ಮಗಳನ್ನು ಕರೆದುಕೊಂಡು ರೇಖಾಳೂ ಬಂದಳು. ಇಬ್ಬರನ್ನೂ ಕೂರಿಸಿ ನಾನು ಹೇಳಬೇಕಾದದ್ದನ್ನು ಹೇಳಿದೆ.

"ನಿಮ್ಮ ಅವ್ವ ಒಂದು ದಿನಾನೂ ಕದ್ದು ತಿಂದಿಲ್ಲ. ಗಂಟಿನ ಮ್ಯಾಲೆ ಚುಚ್ಚಕೊತಿದ್ರು, ಅದಕ್ಕ ಸಕ್ಕರಿ ಇಳೀಲಿಲ್ಲ. ಅದನ್ನ ನೋಡಬೇಕಾದಾಕಿ ನಾನು, ನೋಡ್ಲಿಲ್ಲ. ನಿನ್ನೆ ಜಾಗಾ ಬದಲಿಸಿದಾಕಿ ನಾನು, ಡೋಸ್ ಇಳಸಲಿಲ್ಲ. ಕೀಲಿ ಹಾಕು ಅಂದಾಕೀನೂ ನಾನ."

ಮಗ ತಲೆ ತಗ್ಗಿಸಿ ಕೂತ. ಬೈಯುತ್ತಾನೇನೋ ಎಂದುಕೊಂಡೆ, ಬೈಯಲಿಲ್ಲ. ರೇಖಾ ಸೊಂಟದಿಂದ ಕೀಲಿಕೈ ಬಿಚ್ಚಿ, ಕಪಾಟು ತೆಗೆದು, ಸಕ್ಕರೆ ಡಬ್ಬಿಯನ್ನು ತಂದು ಅತ್ತೆಯ ಒಲೆಯ ಪಕ್ಕ, ಕೈಗೆ ಸಿಗುವ ಹಾಗೆ ಇಟ್ಟಳು. ಕೀಲಿಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು. "ಅತ್ತಿ, ತಪ್ಪಾತ್ರಿ" ಎಂದು ದನಿ ಒಡೆದು ಅತ್ತಳು. ಶಾಂತವ್ವ ಆಗ ಅತ್ತಳು. ಇಷ್ಟು ದಿನ ಅಳದಿದ್ದವಳು ಮೊಮ್ಮಗಳನ್ನು ಎದೆಗೆ ಒತ್ತಿಕೊಂಡು ಸಮಾಧಾನವಾಗುವ ತನಕ ಅತ್ತಳು.

ಸಂಜೆ ಆಸ್ಪತ್ರೆಗೆ ಮರಳಿ ದೊಡ್ಡ ಡಾಕ್ಟರ ಮುಂದೆ ನಿಂತೆ. ಅವರು ಕೋಪಿಷ್ಠರು, ಕಡತ ಎಸೆದು ಮಾತಾಡುವ ಮನುಷ್ಯ. ಕೆಲಸ ಹೋದರೂ ಹೋಗಲಿ ಎಂದು ಒಂದನ್ನೂ ಮುಚ್ಚಿಡದೆ ಹೇಳಿದೆ. ಅವರು ಶಾಂತವ್ವನ ಚೀಟಿ ಎಳೆದುಕೊಂಡು ಏರಿಸಿದ ಡೋಸುಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. "ಸಿಸ್ಟರ್, ಡೋಸ್ ಕಿಸನೇ ಬಢಾಯಾ? ಹರ್ ಬಾರ್ ಮೈನೇ ಬಢಾಯಾ. ಮೈನೇ ಭೀ ಕಹಾಂ ದೇಖಾ?" ಎಂದರು. ಪ್ರತಿ ಸಲವೂ ಏರಿಸಿದವನು ನಾನೇ, ನಾನಾದರೂ ಎಲ್ಲಿ ನೋಡಿದೆ ಎಂದು. ಆಮೇಲೆ ಎಂದಿನ ದನಿಯಲ್ಲಿ, ನನ್ನನ್ನು ಕೇಳದೆ ಜಾಗ ಬದಲಿಸಿದ್ದಕ್ಕೆ ಚೆನ್ನಾಗಿ ಬೈದರು. ಆ ಬೈಗುಳ ನನಗೆ ಬೇಕಿತ್ತು, ಕೇಳಿ ಹಗುರಾಯಿತು. ಮರುದಿನ ಕೈ ತೊಳೆದುಕೊಂಡು ಕೋಣೆಯಿಂದ ಹೊರಗೆ ಬಂದರು. ಒಂದು ಹಳೆಯ ಬೆಡ್‌ಶೀಟನ್ನು ಹಗ್ಗಕ್ಕೆ ಕಟ್ಟಿಸಿ ಪರದೆ ಮಾಡಿಸಿದರು. ಅವತ್ತು ಇನ್ಸುಲಿನ್ ತೆಗೆದುಕೊಳ್ಳುವ ಪ್ರತಿಯೊಬ್ಬರ ಹೊಟ್ಟೆ ತೊಡೆಗಳನ್ನು ಗಂಡಸರದು ಅವರು, ಹೆಂಗಸರದು ನಾನು ಮುಟ್ಟಿ ನೋಡಿದೆವು. ಲೈನಿನಲ್ಲಿದ್ದವರು ಗೊಣಗಿದರು. ಸಂಜೆಯ ಹೊತ್ತಿಗೆ ನಮ್ಮಿಬ್ಬರ ಮುಖವೂ ಸಪ್ಪಗಾಗಿತ್ತು. ಸೂಜಿಮನೆ ಕಟ್ಟಿಕೊಂಡವರು ಶಾಂತವ್ವ ಒಬ್ಬಳೇ ಅಲ್ಲ.

ಅವರಲ್ಲಿ ಪವಾಯಿಯಿಂದ ಬರುತ್ತಿದ್ದ ಒಬ್ಬ ಪ್ರೊಫೆಸರರನ್ನು ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ನಿವೃತ್ತ ಎಂಜಿನಿಯರಿಂಗ್ ಮೇಷ್ಟ್ರು, ಬೆಂಗಳೂರಿನವರು. ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಗ್ರಾಫು ಹಾಕಿ ತರುತ್ತಿದ್ದರು. ಎಂದು ಏನು ತಿಂದರು, ಎಷ್ಟು ನಡೆದರು, ಎಷ್ಟು ಸಕ್ಕರೆ, ಎಲ್ಲವೂ ಇತ್ತು. ಡಾಕ್ಟರು ನನ್ನನ್ನೂ ಕರೆದು ತೋರಿಸಿದರು: ಅವರ ಹೊಟ್ಟೆಯ ಮೇಲೆ ಬಾಲ್‌ಪೆನ್ನಿನಿಂದ ಬರೆದ ಒಂದು ಪುಟ್ಟ ವೃತ್ತ, ಅದರ ಕೆಳಗೆ ಗಂಟು.

"ಸರ್, ಇಲ್ಲೇ ಯಾಕೆ ಚುಚ್ಚಿಕೊಳ್ತೀರಿ?" ಎಂದು ಕೇಳಿದೆ.

"ನೋಡೀಮ್ಮ, ಪ್ರಯೋಗ ಮಾಡುವಾಗ ಒಂದು ಸಲಕ್ಕೆ ಒಂದೇ ಅಂಶ ಬದಲಾಯಿಸಬೇಕು. ಊಟ ಬದಲಾಗುತ್ತೆ, ವಾಕಿಂಗ್ ಬದಲಾಗುತ್ತೆ. ಜಾಗಾನೂ ಬದಲಾದ್ರೆ ನನ್ನ ಗ್ರಾಫೇ ಕೆಟ್ಟುಹೋಗುತ್ತಲ್ಲ?" ಎಂದರು. ಹಾಗಾಗಿ ವೃತ್ತ ಅಳಿಸಿದಂತೆಲ್ಲ ಸ್ನಾನವಾದ ಮೇಲೆ ಮತ್ತೆ ತಿದ್ದಿಕೊಳ್ಳುತ್ತಿದ್ದರಂತೆ. ಶಾಂತವ್ವನಿಗೆ ಕಣ್ಣಿರಲಿಲ್ಲ, ಇವರಿಗೆ ವಿದ್ಯೆ ಅಡ್ಡ ಬಂದಿತ್ತು. ಈ ಸಲ ನಾನು ಮೊದಲು ಡಾಕ್ಟರ ಕೋಣೆಗೆ ಹೋಗಿ ಡೋಸ್ ಕಡಿಮೆ ಮಾಡಿಸಿಕೊಂಡು ಬಂದೆ, ಆಮೇಲೇ ಜಾಗ ತೋರಿಸಿದೆ. ಅವರ ಗ್ರಾಫಿನ ಗೆರೆ ಕೆಲವೇ ವಾರಗಳಲ್ಲಿ ನೆಟ್ಟಗಾಯಿತು. ಅದನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ತಂದು ನನಗೆ ಕೊಟ್ಟರು. ನನಗೆ ಒಂದಕ್ಷರ ಅರ್ಥವಾಗದಿದ್ದರೂ ಗೋಡೆಗೆ ಅಂಟಿಸಿದೆ.

ಶಾಂತವ್ವನ ಡೋಸನ್ನು ಡಾಕ್ಟರು ಇಳಿಸಿದರು, ಮತ್ತೂ ಇಳಿಸಿದರು. ಗಂಟುಗಳನ್ನೂ ಒತ್ತಿ ನೋಡಿ, ಹೆದರುವಂಥದ್ದೇನಿಲ್ಲ ಎಂದರು. ಮೋರಿಯ ಪರದೆಗೆ ಮಗ ಎರಡು ಕ್ಲಿಪ್ ಹಾಕಿಕೊಟ್ಟ, ಅವಳ ಎಡಗೈ ಬಿಡುವಾಯಿತು. ರೇಖಾ ದಿನಾ ಬೆಳಿಗ್ಗೆ ಅತ್ತೆಯ ಬೆರಳು ಹಿಡಿದು ಆ ದಿನದ ಜಾಗಕ್ಕೆ ಇಟ್ಟು ತಾನು ಪರದೆಯ ಹೊರಗೆ ನಿಲ್ಲುತ್ತಿದ್ದಳು. ಸಕ್ಕರೆ ಇಳಿಯಿತು. ಕಣ್ಣಿನವರು ಈ ಸಲ ವಾಪಸ್ ಕಳಿಸಲಿಲ್ಲ. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ಶಾಂತವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಓಪಿಡಿಗೆ ಬಂದಳು. ನನ್ನ ಮುಖವನ್ನು ಬಹಳ ಹೊತ್ತು ದಿಟ್ಟಿಸಿ, "ದನಿ ಕೇಳಿ ದೊಡ್ಡ ದೇಹದಾಕಿ ಅಂದಕೊಂಡಿದ್ದೆ. ಎಷ್ಟ್ ಸಣ್ಣಾಕಿ ಅದೀರಿ ಅಕ್ಕಾರ!" ಎಂದಳು. ಅವತ್ತು ತಿಂದ ರೊಟ್ಟಿಯ ರುಚಿ ಇನ್ನೂ ನನ್ನ ಬಾಯಲ್ಲಿದೆ. ಆ ಗಂಟು ಪೂರ್ತಿ ಮೆತ್ತಗಾಗಲು ತಿಂಗಳುಗಳೇ ಹಿಡಿದವು. ಬಂದಾಗಲೆಲ್ಲ ಅವಳೇ ಪರದೆಯ ಹಿಂದೆ ಹೋಗಿ, "ಸೂಜಿ ಮನಿ ಖಾಲಿ ಆತೇನು ನೋಡ್ರಿ" ಎನ್ನುತ್ತಿದ್ದಳು.

ಇನ್ನು ನನ್ನ ಕಥೆ. ನಿವೃತ್ತಿಯಾಗಿ ಎರಡು ವರ್ಷಕ್ಕೆ ಗುಳಿಗೆ ಸಾಲದೆ ನನಗೂ ಇನ್ಸುಲಿನ್ ಪೆನ್ ಬಂತು. ಊರಿಗೆಲ್ಲ ಕಲಿಸಿದವಳಿಗೆ ಯಾರು ಕಲಿಸಬೇಕು? ಬೆಳಿಗ್ಗೆ ಗ್ಯಾಸಿನ ಮೇಲೆ ಚಹಾಕ್ಕೆ ನೀರಿಟ್ಟು, ಅದು ಕುದಿಯುವಷ್ಟರಲ್ಲಿ ಕಟ್ಟೆಗೆ ಒರಗಿ ನಿಂತು ಚುಚ್ಚಿಕೊಂಡುಬಿಡುತ್ತಿದ್ದೆ. ಮೊದಮೊದಲು ಎಲ್ಲ ಚೆನ್ನಾಗಿತ್ತು. ಈ ವರ್ಷ ಸಕ್ಕರೆ ಏರತೊಡಗಿತು. ಅಂಧೇರಿಯಲ್ಲಿ ನಮ್ಮ ಮನೆಯ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಎಳೆಯ ಡಾಕ್ಟರು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಆಂಟಿ, ಮೀಠಾ ಜಾಸ್ತಿ ಹೋ ರಹಾ ಹೈ ಕ್ಯಾ?" ಎಂದ. ಸಿಹಿ ಜಾಸ್ತಿ ತಿನ್ನುತ್ತಿದ್ದೀರಾ ಎಂದು. ಡೋಸ್ ಏರಿಸಿ ಬರೆದ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ! ನಾನು ಒಂದು ತುಂಡು ಬರ್ಫಿ ಮುಟ್ಟಿರಲಿಲ್ಲ. ಆಣೆ ಮಾಡಿ ಹೇಳಬೇಕು ಎಂದು ಬಾಯಿ ತೆರೆದೆ. ಆಗ ಶಾಂತವ್ವನ ಚಿಕ್ಕದಾದ ಮುಖ ಕಣ್ಣ ಮುಂದೆ ಬಂತು, ಬಾಯಿ ಮುಚ್ಚಿಕೊಂಡೆ. ಅವಳಿಗೆ ಹೀಗೇ ಆಗಿರಬೇಕು, ಅದೂ ಲೈನಿನ ಮುಂದೆ.

ಹೊರಗೆ ಕೂತಿದ್ದ ನರ್ಸು ಸ್ನೇಹಾ ಎಂಬ ಹುಡುಗಿ. ಅಪ್ಪ ಅಮ್ಮ ಬೆಳಗಾವಿಯವರು, ಇವಳು ಇಲ್ಲೇ ಹುಟ್ಟಿ ಬೆಳೆದವಳು, ಮಾತು ಅರ್ಧ ಕನ್ನಡ, ಅರ್ಧ ಹಿಂದಿ. ನನ್ನ ಚೀಟಿ ನೋಡಿ ಅವಳು ಏನೂ ಕೇಳಲಿಲ್ಲ. ಪರದೆ ಎಳೆದಳು.

"ಆಂಟಿ, ಒಂದ್ ಮಿನಿಟ್ ಮಲ್ಕೋತೀರಾ? ಹಾಥ್ ಲಗಾಕೆ ನೋಡ್ತೀನಿ."

ಅವಳ ತಣ್ಣನೆಯ ಬೆರಳುಗಳು ನನ್ನ ಹೊಟ್ಟೆಯ ಮೇಲೆ ಸಾಲಾಗಿ ಸರಿದವು. ಬಲಗಡೆ ಹೊಕ್ಕುಳಿನ ಪಕ್ಕ ನಿಂತವು. ನನ್ನ ಕೈ ಹಿಡಿದು ಅಲ್ಲಿಗೆ ಇಟ್ಟಳು. "ಯೇ ದೇಖೋ. ಇಲ್ಲಿ ಇದೆ. ರೋಜ್ ಇಲ್ಲೇ ಹಾಕ್ತೀರಲ್ಲಾ?"

ಸುಲಿದ ಬಟಾಣಿಯಷ್ಟಿತ್ತು. ಚಹಾ ಕುದಿಯುವಷ್ಟರಲ್ಲಿ ಕೈ ತಾನಾಗಿ ಹೋಗುತ್ತಿದ್ದ ಜಾಗ. ನನ್ನ ಸೂಜಿಮನೆ. ನಾನು ಪರದೆಯೊಳಗೆ ಮಲಗಿಕೊಂಡೇ ನಗತೊಡಗಿದೆ. ಹುಡುಗಿ ಗಾಬರಿಯಾದಳು.

"ಕಲ್ ಸೇ ಬೇರೆ ಜಾಗ ತೋರಿಸ್ತೀನಿ. ಮಗರ್ ಪಹಲೇ ಸರ್‌ಗೆ ಕೇಳಿ ಡೋಸ್ ಕಮ್ ಮಾಡಿಸ್ತೀನಿ, ತಬ್ ತಕ್ ನೀವು ಹೋಗಬೇಡಿ. ಓಕೆ?" ಎಂದು ಹೇಳಿ, ಏರಿಸಿದ ಡೋಸಿನ ಚೀಟಿ ಹಿಡಿದು ಡಾಕ್ಟರ ಕೋಣೆಗೆ ನಡೆದಳು. ನಾನು ಅವಳ ಬೆನ್ನನ್ನೇ ನೋಡುತ್ತಿದ್ದೆ. ನಾನು ಅವತ್ತು ಮಾಡದೆ ಬಿಟ್ಟದ್ದನ್ನು ಈ ಹುಡುಗಿ ಯಾವ ಸದ್ದುಗದ್ದಲವಿಲ್ಲದೆ ಮಾಡುತ್ತಿದ್ದಳು. ಎದೆಯ ಮೇಲಿನ ದೊಡ್ಡ ಭಾರ ಇಳಿದ ಹಾಗಾಯಿತು.

ಮನೆಗೆ ಬಂದು ಮೊದಲು ಶಾಂತವ್ವನಿಗೆ ಫೋನ್ ಮಾಡಿದೆ. ಅವಳು ಇನ್ನೂ ಅದೇ ಚಾಳಿನಲ್ಲಿದ್ದಾಳೆ, ಈಗ ರೊಟ್ಟಿಗೆ ರೇಖಾಳೂ ಕೈ ಜೋಡಿಸುತ್ತಾಳೆ. ನನಗೂ ಸಕ್ಕರೆ ಏರಿದೆ, ಯಾಕೆ ಅಂತ ಹೇಳಿ ನೋಡೋಣ ಎಂದೆ. ಅತ್ತ ಕಡೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಮನೆಯವರೆಲ್ಲ ಕೇಳುವ ಹಾಗೆ ದೊಡ್ಡ ದನಿ ತೆಗೆದಳು.

"ಖರೇ ಹೇಳ್ರಿ ಅಕ್ಕಾರ, ಕದ್ದು ಏನ್ ತಿಂದ್ರಿ?"